ಹಳೇ ಕುದುರೆ-ಸಾರೋಟು ಚಿತ್ರ ಹಾಕಿದ್ಮೇಲೆ ನಮ್ಮ ಫ್ರಂಟ್ ರೂಮು ಪಬ್ ತರ ಕಾಣ್ತಿದೆ, ಏನ್ ಮಾಡ್ಲಿ?

ಕುಕ್ಕರಹಳ್ಳಿ_ಕೆರೆದಂಡೆ:

ಎಲ್ರಿಗೂ ನಮಸ್ಕಾರ. ನಾವಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ, ಹೋದ ವರ್ಷ ಒಂದು ಹಳೇ ಮನೆ ತಗೊಂಡ್ವಿ, 1908ರಲ್ಲಿ ಕಟ್ಟಿದ್ದು. ಮುಂದಿನ ರೂಮಲ್ಲಿ ದೊಡ್ಡ ಬೇ ವಿಂಡೋ, ಫೈರ್‌ಪ್ಲೇಸು, ಗೋಡೆ ಮೇಲ್ಗಡೆ ಸುತ್ತಲೂ ಒಂದು ಮರದ ಪಟ್ಟಿ, ಎಲ್ಲ ಹಾಗ್ಹಾಗೇ ಉಳ್ಕೊಂಡಿದೆ. ಆ ರೂಮಿಗೆ ಟಿವಿ ಬೇಡ, ಮಕ್ಕಳ ಆಟದ ಸಾಮಾನು ಬೇಡ, ಯಾರಾದ್ರೂ ಬಂದ್ರೆ ಕೂರ್ಸೋಕೆ ಒಂದು ಜಾಗ ನೀಟಾಗಿರ್ಲಿ ಅಂತ ನನ್ನಾಸೆ. ಮೈಸೂರಲ್ಲಿ ನಮ್ಮಜ್ಜಿ ದಿವಾನಖಾನೆ ಅಂತಿದ್ರಲ್ಲ, ಹಾಗೆ.

ನಮ್ಮನೆಯವರು ಒಂದು ಶನಿವಾರ ಡೈನಿಂಗ್ ಟೇಬಲ್ ತರ್ತೀನಿ ಅಂತ ಹರಾಜಿಗೆ ಹೋದೋರು ಟೇಬಲ್ ಬಿಟ್ಟು ಒಂಬತ್ತು ಕುದುರೆ ಚಿತ್ರ ಹೊತ್ಕೊಂಡು ಬಂದ್ರು. ಒಂದೇ ಲಾಟು, 140 ಪೌಂಡು, ಅದ್ರ ಮೇಲೆ ಹರಾಜಿನೋರ ಕಮಿಷನ್ನು. ಆರು ಟಪಾಲು ಕೋಚಿನವು, ನಾಲ್ಕು ಕುದುರೆ ಕಟ್ಟಿ, ಮೇಲೆಲ್ಲ ಜನ ಹತ್ಕೊಂಡು, ಹಿಂದ್ಗಡೆ ಕೆಂಪು ಕೋಟಿನವನೊಬ್ಬ ಕಹಳೆ ಊದ್ತಾ ಹೋಗೋ ಅಂಥವು. ಎರಡು ನರಿ ಬೇಟೆಯವು. ಇನ್ನೊಂದು ಕ್ಯಾನ್ವಾಸ್ ಮೇಲಿನ ಆಯಿಲ್ ಪೇಂಟಿಂಗು, ಲಾಯದಲ್ಲಿ ಒಂದೇ ಒಂದು ಕುದುರೆ ನಿಂತಿರೋದು, ಎಷ್ಟು ಕಪ್ಪಗಾಗಿದೆ ಅಂದ್ರೆ ಮೊದಲ್ನೇ ದಿನ ನಾನು ಹಸು ಅಂದ್ಕೊಂಡಿದ್ದೆ. ಚೀಟೀಲಿ ಇದಕ್ಕೆ ‘ಇಂಗ್ಲಿಷ್ ಸ್ಕೂಲ್, 19ನೇ ಶತಮಾನ’ ಅಂತ ಬರ್ದಿದಾರೆ, ಕೋಚಿನವಕ್ಕೆ ‘ಆಫ್ಟರ್ ಜೇಮ್ಸ್ ಪೊಲಾರ್ಡ್’ ಅಂತ. ಯಾವ ಸ್ಕೂಲು, ಯಾರಾದ್ಮೇಲೆ, ನಂಗಂತೂ ಗೊತ್ತಾಗ್ಲಿಲ್ಲ.

ಒಂಬತ್ತನ್ನೂ ಬಿಳೀ ಗೋಡೆ ಮೇಲೆ ಹಾಕಿದ್ವಿ. ಲಾಟಿನ ಜೊತೆ ಫ್ರೀ ಬಂದಿದ್ದ ಹಿತ್ತಾಳೆ ಬಿಲ್ಲೆಗಳನ್ನೂ, ಕುದುರೆ ಎದೆಗೆ ಕಟ್ತಾರಲ್ಲ ಚರ್ಮದ ಪಟ್ಟಿ ಸಮೇತ, ಫೈರ್‌ಪ್ಲೇಸಿನ ಎರಡೂ ಕಡೆ ನೇತು ಹಾಕಿದ್ವಿ. ಮೊನ್ನೆ ಫ್ರೆಂಡ್ ಬಂದೋಳು ಬಾಗಿಲಲ್ಲೇ ನಿಂತು, ‘ಒಂದು ಪೈಂಟ್ ಬಿಯರು, ಒಂದು ಪ್ಯಾಕೆಟ್ ಚಿಪ್ಸ್ ಕೊಡಮ್ಮ’ ಅಂದ್ಳು. ಅವತ್ತಿಂದ ಆ ರೂಮಿಗೆ ಹೋಗೋಕೇ ಮನಸ್ಸಿಲ್ಲ.

ಇನ್ನೊಂದು. ಒಂದು ಚಿತ್ರದಲ್ಲಿ ರಾತ್ರಿ, ಹೋಟ್ಲಿನ ಮುಂದೆ ಕೋಚ್ ನಿಂತಿದೆ, ಮುಂದಿನ ಕುದುರೆ ಕುತ್ತಿಗೆಗೆ ಸಿಂಹಿಣಿ ಬಾಯಿ ಹಾಕಿದೆ! ಇಂಗ್ಲೆಂಡಿಗೆ ಸಿಂಹ ಎಲ್ಲಿಂದ ಬಂತು ಅಂತ ಮಗ ದಿನಾ ತಲೆ ತಿಂತಾನೆ.

ಹರಾಜು_ಹುಚ್ಚ:

ಮೇಡಂ, ಮೊದ್ಲು ಆ ಹಿತ್ತಾಳೆ ಬಿಲ್ಲೆ ಕೆಳಗಿಳ್ಸಿ. ಅರ್ಧ ಪಬ್ಬು ಅಲ್ಲೇ ಹೋಗತ್ತೆ.

ಇಪ್ಪತ್ತು ವರ್ಷದಿಂದ ಈ ದೇಶದ ಹರಾಜುಗಳಲ್ಲಿ ಅಲೆಯೋ ಚಟ ನಂದು, ಅದಕ್ಕೆ ಹೇಳ್ತೀನಿ. ಈ ಕೋಚಿನ ಚಿತ್ರಗಳು ಇಲ್ಲಿ ಟೇಬಲ್ ಮ್ಯಾಟ್ ಮೇಲೆ, ಬಿಸ್ಕತ್ತು ಡಬ್ಬಿ ಮೇಲೆ, ಕ್ರಿಸ್‌ಮಸ್ ಕಾರ್ಡ್ ಮೇಲೆ ಬಂದು ಬಂದು ಜನಕ್ಕೆ ಸಾಕಾಗಿ ಹೋಗಿವೆ. ನಮ್ಮಲ್ಲಿ ರವಿವರ್ಮನ ಲಕ್ಷ್ಮಿ ಕ್ಯಾಲೆಂಡರು, ಊದುಬತ್ತಿ ಡಬ್ಬಿ ಅಂತ ಎಲ್ಲ ಕಡೆ ಬಂದು ಕಣ್ಣಿಗೆ ಸವೆದು ಹೋಗಿದಾಳಲ್ಲ, ಹಾಗೆ. ಚಿತ್ರದ್ದು ತಪ್ಪಲ್ಲ, ಹಾಕೋ ರೀತಿ ಬದಲಾಯಿಸ್ಬೇಕು ಅಷ್ಟೆ.

ಒಂದು ರೂಮಿಗೆ ಒಬ್ಬನೇ ಯಜಮಾನ. ನಿಮ್ಮ ರೂಮಿಗೆ ಆ ಹಸು ತರದ ಕುದುರೇನೇ ಯಜಮಾನ, ಅದನ್ನ ಫೈರ್‌ಪ್ಲೇಸ್ ಮೇಲೆ ಒಂದನ್ನೇ ಹಾಕಿ, ಅಕ್ಕಪಕ್ಕ ಬೇರೇನೂ ಬೇಡ. ಒಂದೇ ಮಾತು, ಅಲ್ಲಿ ನಿಜವಾಗ್ಲೂ ಬೆಂಕಿ ಹಾಕ್ತೀರ ಅಂದ್ರೆ ಬೇಡವೇ ಬೇಡ, ಶಾಖಕ್ಕೆ ಬಣ್ಣ ಬಿರುಕು ಬಿಡತ್ತೆ, ಮಸಿ ಬೇರೆ. ಲಂಡನ್‌ಗೆ ಹೋದಾಗ ನ್ಯಾಷನಲ್ ಗ್ಯಾಲರೀಲಿ ಜಾರ್ಜ್ ಸ್ಟಬ್ಸ್‌ನ ‘ವಿಸಲ್‌ಜಾಕೆಟ್’ ನೋಡ್ಕೊಂಡು ಬನ್ನಿ, ಟಿಕೆಟ್ ಬೇಕಿಲ್ಲ. ಹೆಚ್ಚುಕಮ್ಮಿ ಮೂರು ಮೀಟರ್ ಎತ್ತರದ ಚಿತ್ರ, 1762ರ ಆಸುಪಾಸಿನದು. ಒಂದು ಕುದುರೆ ಮುಂಗಾಲೆತ್ತಿ ನಿಂತಿದೆ, ಸವಾರ ಇಲ್ಲ, ಜೀನಿಲ್ಲ, ಲಗಾಮಿಲ್ಲ, ಹಿಂದ್ಗಡೆ ಮರ ಗಿಡ ಆಕಾಶ ಏನೂ ಇಲ್ಲ, ಬರೀ ತಿಳೀ ಕಂದು. ಆ ಮನುಷ್ಯ ಲಿಂಕನ್‌ಶೈರಿನ ಹಾರ್ಕ್‌ಸ್ಟೋ ಅನ್ನೋ ಹಳ್ಳೀಲಿ ಹದಿನೆಂಟು ತಿಂಗಳು ಸತ್ತ ಕುದುರೆಗಳನ್ನ ಕೊಯ್ದು ಕೊಯ್ದು ಬರ್ಕೊಂಡು, 1766ರಲ್ಲಿ ಕುದುರೆ ಅಂಗರಚನೆ ಮೇಲೆ ಪುಸ್ತಕಾನೇ ತಂದ. ಹಾಗಾಗೇ ಆ ಕುದುರೆ ಚರ್ಮದ ಕೆಳಗೆ ನರ ಓಡೋದು ಕಾಣತ್ತೆ. ಅದರ ಮುಂದೆ ಐದು ನಿಮಿಷ ನಿಂತ್ರೆ ಸುತ್ತ ಖಾಲಿ ಬಿಡೋದು ಯಾಕೆ ಅಂತ ನಿಮಗೇ ಗೊತ್ತಾಗತ್ತೆ.

ಕೋಚಿನ ಪ್ರಿಂಟುಗಳನ್ನ ಅಲ್ಲೊಂದು ಇಲ್ಲೊಂದು ಹಾಕಿರ್ತೀರ, ಅದೇ ಪಬ್ಬಿನ ಗುಟ್ಟು. ಎಲ್ಲ ಒಂದೇ ಗೋಡೆಗೆ ತನ್ನಿ, ಮೂರು ಮೂರರ ಎರಡು ಸಾಲು, ನಡುವೆ ಎರಡಿಂಚು ಬಿಟ್ರೆ ಸಾಕು. ದೂರದಿಂದ ಆರು ಚಿತ್ರ ಅಲ್ಲ, ಒಂದೇ ದೊಡ್ಡ ಚಿತ್ರ ಅನ್ನಿಸ್ಬೇಕು. ಮೈಸೂರಿನೋರು ಅಂತೀರ, ಅರಮನೆ ಕಲ್ಯಾಣ ಮಂಟಪದ ಗೋಡೇಲಿ ದಸರಾ ಮೆರವಣಿಗೆ ನೋಡಿರ್ತೀರ. ಆನೆ, ಕುದುರೆ, ಸಾರೋಟು, ಬ್ಯಾಂಡು, ಬಿಡಿಬಿಡಿ ಚಿತ್ರಗಳೇ ಆದ್ರೂ ಸುತ್ತ ಒಂದು ಮೆರವಣಿಗೆ ಹೋಗ್ತಿರೋ ಹಾಗೇ ಅನ್ಸತ್ತೆ. ಅದೇ ಐಡಿಯಾ. ಆರಕ್ಕೂ ಒಂದೇ ತರದ ಕಟ್ಟು ಇರ್ಲಿ. ಇಂಥ ಪ್ರಿಂಟಿಗೆ ಇಲ್ಲಿ ಮೊದ್ಲಿಂದ ಹಾಕೋದು ಕರೀ ಪಟ್ಟಿಗೆ ಚಿನ್ನದ ಅಂಚಿನ ಕಟ್ಟು, ಹೋಗಾರ್ತ್ ಫ್ರೇಮ್ ಅಂತಾರೆ. ಗೋಡೆ ಬಿಳಿ ಬೇಡ, ಹಳೇ ಕಾಗದ ಬಿಳೀ ಗೋಡೆ ಮೇಲೆ ಕೊಳೆ ಬಟ್ಟೆ ತರ ಕಾಣತ್ತೆ. ಕಡು ಹಸಿರು ಬಳೀರಿ, ಅದೇ ಕಾಗದ ಬೆಣ್ಣೆ ಬಣ್ಣ ಆಗಿಬಿಡತ್ತೆ.

ಆ ಮರದ ಪಟ್ಟಿ ಇದೆಯಲ್ಲ, ಪಿಕ್ಚರ್ ರೇಲು, ಇರೋದೇ ಇದಕ್ಕೆ. ಹಿತ್ತಾಳೆ ಕೊಕ್ಕೆ ಸಿಗತ್ತೆ, ಪಟ್ಟಿ ಮೇಲೆ ಸಿಗ್ಸಿ ಅಲ್ಲಿಂದ ಚೈನ್ ಇಳಿಬಿಡಿ. ಆ ಕಾಲದ ಗೋಡೆ ಅಂದ್ರೆ ಎಷ್ಟೋ ಕಡೆ ಮರದ ರೀಪರ್ ಮೇಲೆ ಗಾರೆ ಮೆತ್ತಿರೋದು, ಮೊಳೆ ಹೊಡೆದ್ರೆ ತಟ್ಟೆಯಗಲ ಉದುರತ್ತೆ. ಅನುಭವದ ಮಾತು.

‘ಇಂಗ್ಲಿಷ್ ಸ್ಕೂಲ್’ ಅಂದ್ರೆ ಬರೆದೋನು ಯಾರೋ ಇಂಗ್ಲಿಷರವನಿರ್ಬೇಕು, ಹೆಸರು ಗೊತ್ತಿಲ್ಲ ಅಂತ. ‘ಆಫ್ಟರ್’ ಅಂದ್ರೆ ಪೊಲಾರ್ಡ್ ಬರೆದ ಚಿತ್ರ ನೋಡಿ ಬೇರೆಯವರು ಮಾಡಿದ್ದು. ಮತ್ತೆ, ಮೇಲೆಲ್ಲ ಜನ ತುಂಬ್ಕೊಂಡು ಮೈಮೇಲೆ ಊರ ಹೆಸರು ಬರ್ಕೊಂಡಿದ್ರೆ ಅದು ಟಪಾಲಿನದಲ್ಲ, ಪ್ರೈವೇಟ್ ಬಸ್ಸು ಅನ್ಕೊಳಿ. ಟಪಾಲಿನ ಕೋಚು ಕಪ್ಪು-ಮರೂನು, ಚಕ್ರ ಕೆಂಪು, ಬಾಗ್ಲ ಮೇಲೆ ರಾಜಲಾಂಛನ, ಒಳಗೆ ನಾಲ್ಕು ಜನ, ಮೇಲೆ ಬೆರಳೆಣಿಕೆ. ಹಿಂದ್ಗಡೆ ಕೆಂಪು ಕೋಟಿನವನು ಗಾರ್ಡು, ಹತ್ರ ಬಂದೂಕ ಇರ್ತಿತ್ತು. ಅವನು ಕಹಳೆ ಊದಿದ್ರೆ ಟೋಲ್‌ಗೇಟಿನೋನು ಎದ್ದುಬಿದ್ದು ಬಂದು ಗೇಟ್ ತೆಗೀಬೇಕು, ಟಪಾಲಿಗೆ ಟೋಲಿಲ್ಲ. ಮೊದಲ್ನೇದು ಹೊರಟಿದ್ದು 1784ರ ಆಗಸ್ಟ್ 2, ಬ್ರಿಸ್ಟಲ್‌ನಿಂದ ಸಂಜೆ ನಾಲ್ಕಕ್ಕೆ, ಲಂಡನ್ ಸೇರಿದ್ದು ಮಾರನೇ ದಿನ ಬೆಳಗ್ಗೆ ಎಂಟಕ್ಕೆ. ಅದು ಹೋಗ್ತಿದ್ದ ಬಾತ್ ರೋಡು ನಿಮ್ಮ ರೆಡಿಂಗ್ ಮೇಲೇನೇ ಹೋಗೋದು. ಹಾಗಾಗಿ ಈ ಚಿತ್ರಗಳು ನಿಮ್ಮೂರಿಗೆ ಹೊರಗಿನವಲ್ಲ.

ಸಿಂಹ ನಿಜ. 1816ರ ಅಕ್ಟೋಬರ್ 20ರ ರಾತ್ರಿ, ಸಾಲ್ಸ್‌ಬರಿ ಹತ್ರ ವಿಂಟರ್ಸ್‌ಲೋ ಹಟ್ ಅನ್ನೋ ಕಡೆ, ಊರೂರು ಸುತ್ತೋ ಪ್ರಾಣಿ ಪ್ರದರ್ಶನದಿಂದ ತಪ್ಪಿಸ್ಕೊಂಡ ಸಿಂಹಿಣಿ ಎಕ್ಸೆಟರ್ ಟಪಾಲು ಕೋಚಿನ ಕುದುರೆ ಮೇಲೆ ಎಗರ್ತು. ಪ್ಯಾಸೆಂಜರುಗಳು ಬಿದ್ದಂಬೀಳ ಹೋಟ್ಲೊಳಗೆ ನುಗ್ಗಿ ಬಾಗ್ಲು ಹಾಕ್ಕೊಂಡ್ರು. ಪ್ರದರ್ಶನದೋರೇ ಬಂದು ಅದನ್ನ ಹಿಡ್ಕೊಂಡು ಹೋದ್ರು. ಕುದುರೆ ಹೆಸ್ರು ಪಾಮೆಗ್ರಾನೆಟ್, ಅಂದ್ರೆ ದಾಳಿಂಬೆ, ಪಾಪ ಗಾಯ ಆಗಿ ಬದುಕ್ತು. ಆಮೇಲೆ ಆ ಕುದುರೇನೂ ಜನಕ್ಕೆ ತೋರ್ಸಿ ದುಡ್ಡು ಮಾಡಿದ್ರಂತೆ. ಮಗನಿಗೆ ಹೇಳಿ.

ಧಾರವಾಡ_ಫೇಡಾ:

ನಮಸ್ಕಾರ್ರೀ ಅಕ್ಕಾರ. ನಾ ಲೀಡ್ಸ್‌ನ್ಯಾಗ ಒಂದು ಫ್ರೇಮ್ ಅಂಗಡ್ಯಾಗ ಕೆಲಸ ಮಾಡ್ತೇನ್ರಿ, ಇಂಥಾವು ವಾರಕ್ಕ ನಾಕ್ ಬರ್ತಾವು. ಅಣ್ಣಾರು ಹೇಳಿದ್ದೆಲ್ಲಾ ಖರೆ ಐತಿ, ಆದ್ರ ಗ್ವಾಡಿಗೆ ಬಣ್ಣ ಹಚ್ಚೂಕಿಂತ ಮದ್ಲ ಒಂದು ಭೂತಗನ್ನಡಿ ತಗೊಂಡು ಆ ಆರೂ ಚಿತ್ರದಾಗಿನ ಆಕಾಶ ನೋಡ್ರಿ. ಕುದ್ರಿ ನೋಡಬ್ಯಾಡ್ರಿ, ಆಕಾಶ. ನೀಲಿ, ಗುಲಾಬಿ, ಹಳದಿ ಚುಕ್ಕಿ ಸಾಲಾಗಿ, ಪೇಪರಿನ್ಯಾಗಿನ ಫೋಟೋದಾಗ ಇರ್ತಾವಲ್ಲ ಹಂಗ ಕಂಡ್ವು ಅಂದ್ರ ಅದು ಇತ್ತೀಚಿನ ಮಶೀನ್ ಪ್ರಿಂಟು. ಚಂದ ಇದ್ರ ಇಟಗೋರಿ, ಆದ್ರ ಹಳೇದಲ್ಲ.

ಖರೇ ಹಳೇದು ಅಕ್ವಾಟಿಂಟ್ ಇರ್ತೈತಿ. ತಾಮ್ರದ ತಗಡಿನ ಮ್ಯಾಲೆ ರಾಳದ ಪುಡಿ ಉದುರ್ಸಿ, ಕಾಸಿ, ಆಸಿಡ್‌ನ್ಯಾಗ ಅದ್ದಿ ಮಾಡೂದು. ಅದರಾಗ ಚುಕ್ಕಿ ಸಾಲು ಇರಂಗಿಲ್ಲ, ರವಾ ಚೆಲ್ಲಿದಂಗ ಸಣ್ಣ ಸಣ್ಣ ಅಂಕುಡೊಂಕು ಜಾಳಿಗಿ ಕಾಣ್ತೈತಿ. ಬಣ್ಣ ಆಮ್ಯಾಲೆ ಕೈಲೆ ತುಂಬಿದ್ದು, ಅದಕ್ಕ ಗಾರ್ಡಿನ ಕೆಂಪು ಕೋಟು ಒಂದೀಟು ಗೆರಿ ದಾಟಿ ಹೊರಗ ಬಂದಿರ್ತೈತಿ. ಆ ತಪ್ಪು ಕಂಡ್ರ ಖುಷಿ ಪಡ್ರಿ. ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಇರಬೇಕು, ಆದ್ರ ಅದನ್ನೊಂದ ನಂಬಬ್ಯಾಡ್ರಿ, ತಗ್ಗು ಸುಳ್ಳ ಸುಳ್ಳ ಒತ್ತೂದು ಭಾಳ ಸಸಾರ. ಹಿಂದಿನ ಹಲಗಿ ತಗದು ಕಾಗದ ಬೆಳಕಿಗೆ ಹಿಡದ್ರ ಕೆಲವ್ರಾಗ ‘ಜೆ ವಾಟ್‌ಮನ್’ ಅಂತ ಕಾಗದ ಮಾಡಿದವ್ರ ಹೆಸರು, ಇಸವಿ ಒಳಗ ಕಾಣ್ತಾವು. ಚಿತ್ರದ ತೆಳಗ ಅಚ್ಚಾದ ಇಸವಿಗಿಂತ ಈ ಇಸವಿ ಹೆಚ್ಚು ವಿಶ್ವಾಸದ್ದು. ಅಂಚು ಮಾತ್ರ ಕತ್ತರಸಬ್ಯಾಡ್ರಿ, ಎಷ್ಟ ಹೊಲಸಾಗಿರಲಿ. ಫ್ರೇಮಿಗೆ ಕೂಡಲಿಲ್ಲಂತ ಅಂಚು ಕತ್ತರಿಸಿ ಬೆಲಿ ಕಳಕೊಂಡವ್ರನ್ನ ಭಾಳ ಮಂದಿ ನೋಡೇನಿ.

ಚಿತ್ರದ ಸುತ್ತ ಕಂದು ಗೆರಿ ಬಿದ್ದಿದ್ರ ಅದು ಹಳೇ ರಟ್ಟಿನ ಆಸಿಡ್ ಕಾಗದಕ್ಕ ಇಳದದ್ದು, ಆಸಿಡ್ ಇಲ್ಲದ ಹೊಸ ರಟ್ಟು ಹಾಕಸ್ರಿ. ಗ್ಲಾಸು ಕಾಗದಕ್ಕ ತಾಗಬಾರದು. ಹೊರಗಿನ ಗ್ವಾಡಿ ಇದ್ರ ಇಲ್ಲೆ ತಂಪು ಭಾಳ, ಫ್ರೇಮಿನ ತೆಳಗಿನ ಎರಡು ಮೂಲಿಗೆ ಕಾರ್ಕಿನ ತುಂಡು ಅಂಟಸ್ರಿ, ಹಿಂದ ಗಾಳಿ ಆಡ್ತೈತಿ. ಮತ್ತ ಆ ಬೇ ವಿಂಡೋ ಎದುರಿಗಿನ ಗ್ವಾಡಿ ಬ್ಯಾಡೇ ಬ್ಯಾಡ. ಮ್ಯೂಸಿಯಮ್‌ದವ್ರು ಕಾಗದದ ಚಿತ್ರಕ್ಕ ಬೆಳಕು 50 ಲಕ್ಸ್ (ಬೆಳಕಿನ ಅಳತಿ) ದಾಟಸಂಗಿಲ್ಲ, ಆಯಿಲ್‌ಗಾದ್ರ 200ರ ತನಕ ನಡೀತೈತಿ. ಬಿಸಿಲಿಗೆ ಮದ್ಲ ಆ ಕೆಂಪು ಕೋಟೇ ಸಪ್ಪಗಾಗೂದು.

ಸೊಸೆಮುದ್ದು:

ಎಲ್ಲ ಸರಿ, ಕುದುರೆ ಯಾವ ಕಡೆ ಮುಖ ಮಾಡ್ಕೊಂಡಿವೆ ನೋಡಿದ್ರಾ? ಬಾಗ್ಲ ಕಡೆ ಓಡ್ತಿದ್ರೆ ಮನೆ ಲಕ್ಷ್ಮಿ ಕುದುರೆ ಹತ್ಕೊಂಡು ಹೊರಟುಹೋಗ್ತಾಳೆ ಅಂತ ನಮ್ಮತ್ತೆ. 😄 ಅವರು ಏಳು ಬಿಳೀ ಕುದುರೆ ಪೋಸ್ಟರ್ ಕಳ್ಸಿದಾರೆ, ಬಾತ್‌ರೂಮ್ ಪಕ್ಕ ಬಿಟ್ರೆ ಜಾಗ ಇಲ್ಲ, ಅಲ್ಲಿ ಹಾಕಿದ್ರೆ ಅದೊಂದು ಜಗಳ.

ಹರಾಜು_ಹುಚ್ಚ:

@ಸೊಸೆಮುದ್ದು ನಗ್ಬೇಡಿ, ವಾಸ್ತು ನಂಗೆ ನಂಬಿಕೆ ಇಲ್ಲ ಆದ್ರೆ ಈ ವಿಷಯದಲ್ಲಿ ನಿಮ್ಮತ್ತೆ ಕರೆಕ್ಟು. ಗೋಡೆ ತುದೀಲಿ ಹಾಕಿದ ಕುದುರೆ ಆಚೆ ಮುಖ ಮಾಡಿದ್ರೆ ನೋಡೋರ ಕಣ್ಣೂ ಅದರ ಜೊತೆ ರೂಮಿಂದ ಆಚೆ ಹೋಗತ್ತೆ. ಬಲಕ್ಕೆ ಓಡೋವು ಎಡಗಡೆ, ಎಡಕ್ಕೆ ಓಡೋವು ಬಲಗಡೆ ಇಟ್ರೆ ಎಲ್ಲ ನಡುಮಧ್ಯಕ್ಕೆ ಬರ್ತವೆ.

ಕುಕ್ಕರಹಳ್ಳಿ_ಕೆರೆದಂಡೆ:

ಅಯ್ಯೋ ಎಷ್ಟೊಂದು ಹೇಳಿದೀರ, ಎಲ್ರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮಕ್ಕಳು ಮಲಗಿದ್ಮೇಲೆ ಆರನ್ನೂ ಟೇಬಲ್ ಮೇಲೆ ಮಲಗ್ಸಿ, ಮಗನ ಸ್ಕೂಲ್ ಪ್ರಾಜೆಕ್ಟಿನ ಭೂತಗನ್ನಡಿ ಹಿಡ್ಕೊಂಡು ಕೂತ್ವಿ. ನಾಲ್ಕರಲ್ಲಿ ಚುಕ್ಕಿ. ಸಿಂಹದ್ದೂ ಚುಕ್ಕೀನೇ 😭 ನಮ್ಮನೆಯವರ ಮುಖ ನೋಡ್ಬೇಕಿತ್ತು, ಆ ಸಿಂಹ ನೋಡೇ ಅವರು ಕೈ ಎತ್ತಿದ್ದಂತೆ. ಉಳಿದ ಎರಡ್ರಲ್ಲಿ ಚುಕ್ಕಿ ಇಲ್ಲ, ಫೇಡಾ ಹೇಳಿದ ರವೆ ತರ ಇದೆ, ಹಿಮದ ಚಿತ್ರದಲ್ಲಿ ಗಾರ್ಡಿನ ಕೆಂಪು ಕೋಟಿನ ಬಣ್ಣ ಅವನ ಮೊಣಕೈ ಹತ್ರ ಆಚೆ ಚೆಲ್ಲಿ ಹಿಮಕ್ಕೂ ಒಂಚೂರು ತಾಗಿದೆ. ನಾವು ಇಷ್ಟು ದಿನ ಅದನ್ನ ಕಲೆ ಅಂತ ಬೈತಿದ್ವಿ! ಹಿಂದ್ಗಡೆ ಬಿಚ್ಚಿ ಬೆಳಕಿಗೆ ಹಿಡಿದ್ರೆ ವಾಟ್‌ಮನ್ 1831 ಅಂತಿದೆ, ಕೆಳಗೆ ಅಚ್ಚಾಗಿರೋದು 1825. ಹಾಗಿದ್ರೆ ಇದೂ ಡೂಪ್ಲಿಕೇಟಾ?

ಇನ್ನೊಂದು, ಆ ಕಪ್ಪು ಕುದುರೆ ಕ್ಲೀನ್ ಮಾಡೋದು ಹೆಂಗೆ? ಆಲೂಗಡ್ಡೆ ಹೆಚ್ಚಿ ಉಜ್ಜಿದ್ರೆ ಕೊಳೆ ಹೋಗತ್ತೆ ಅಂತ ಯಾವ್ದೋ ವಿಡಿಯೋದಲ್ಲಿ ನೋಡ್ದೆ.

ಧಾರವಾಡ_ಫೇಡಾ:

ಡೂಪ್ಲಿಕೇಟ್ ಅಲ್ಲರೀ. ತಗಡು ಅದೇ ಐತಿ, ಮಾಲು ಮಾರಾಟ ಆಗ್ತಿತ್ತು, ಆರು ವರ್ಷ ಬಿಟ್ಟು ಮತ್ತ ಒತ್ಯಾರ. ಮದ್ಲಿನ ಒತ್ತಿನಷ್ಟು ಕಿಮ್ಮತ್ತು ಬರಲಿಕ್ಕಿಲ್ಲ, ಆದ್ರ ಖರೇ ಹಳೇದ. ಆ ಎರಡಕ್ಕ ಛಲೋ ಗ್ಲಾಸು ಹಾಕಸ್ರಿ, ಉಳದ ನಾಕಕ್ಕ ರೊಕ್ಕ ಸುರೀಬ್ಯಾಡ್ರಿ.

ಆಲೂಗಡ್ಡಿ ಪಲ್ಯಾ ಮಾಡ್ರಿ. ಚಿತ್ರಕ್ಕ ಹಚ್ಚಬ್ಯಾಡ್ರಿ!! ಆಲೂಗಡ್ಡಿ, ಬ್ರೆಡ್ಡು, ಉಳ್ಳಾಗಡ್ಡಿ, ಸಾಬಾಣ ಎಲ್ಲಾ ಹಳೇ ಕಾಲದ ಮಂದಿ ಮಾಡಿ ಕೆಡಿಸಿದ್ದ. ಬಿರುಕಿನ್ಯಾಗ ನೀರು ಇಳದು ತೆಳಗಿನ ಬಣ್ಣ ಎದ್ದು ಬರ್ತೈತಿ, ಹಿಟ್ಟು ಉಳದು ಬೂಷ್ಟು ಹಿಡೀತೈತಿ. ಕಪ್ಪಗ ಕಾಣೂದು ಬಹುತೇಕ ಮ್ಯಾಲಿನ ವಾರ್ನಿಷ್ ಹಳದಿಗಟ್ಟಿ ಅದರ ಮ್ಯಾಲೆ ಹೊಗಿ ಕುಂತದ್ದು. ಅದನ್ನ ತಗಿಯೂದು ಕನ್ಸರ್ವೇಟರ್, ಅಂದ್ರ ಹಳೇ ಚಿತ್ರ ರಿಪೇರಿ ಮಾಡಾವ್ರ ಕೆಲಸ. ನೀವು ಮೆತ್ತನ್ನ ಒಣಾ ಬ್ರಷ್‌ಲೆ ಧೂಳಾ ಜಾಡಸ್ರಿ, ಅದೂ ಬಣ್ಣ ಎಲ್ಲೂ ಎದ್ದಿಲ್ಲ ಅಂದ್ರ ಅಷ್ಟ. ಹಿಂದ ತಿರುಗಿಸಿ ನೋಡ್ರಿ, ಕ್ಯಾನ್ವಾಸು ಚೌಕಟ್ಟಿಗೆ ಮೊಳಿಲೆ ಬಡದಾರೋ, ಸ್ಟೇಪ್ಲರ್ ಪಿನ್ನಿಲೆ ಬಡದಾರೋ. ಪಿನ್ನಿದ್ರ ಕನಿಷ್ಠ ಆ ಕೆಲಸ ಈಚಿನದು.

ಸುಮ್ನೆ_ಓದೋಳು:

ಸಾಮಾನ್ಯವಾಗಿ ನಾನು ಏನೂ ಬರ್ಯಲ್ಲ ಆದ್ರೆ ಆ ನರಿ ಬೇಟೆ ಚಿತ್ರದ ಬಗ್ಗೆ ಯಾರೂ ಹೇಳ್ಲಿಲ್ಲ. ಇಲ್ಲಿ ನಾಯಿ ಬಿಟ್ಟು ನರಿ ಬೇಟೆ ಆಡೋದನ್ನ 2004ರ ಕಾನೂನಲ್ಲೇ ನಿಲ್ಸಿದಾರೆ, ಈಗ್ಲೂ ಅದರ ಬಗ್ಗೆ ಜಗಳ ಆಡ್ತಾರೆ. ಅತಿಥಿಗಳನ್ನ ಕೂರ್ಸಿ ಕೋಡುಬಳೆ ಕೊಡೋ ರೂಮಲ್ಲಿ ನಾಯಿಗಳು ನರಿ ಎಳೆದಾಡೋ ಚಿತ್ರ ಯಾಕೆ? ಹಳೇದು ಅಂದ ತಕ್ಷಣ ಎಲ್ಲ ಗೋಡೆಗೆ ಹತ್ತಿಸ್ಬೇಕು ಅಂತೇನಿಲ್ವಲ್ಲ.

ಕುದುರೆಗಳ ಬಾಲ ನೋಡಿ ಇನ್ನೊಂದ್ಸಲ. ಆ ಕಾಲದ ಕೋಚ್ ಕುದುರೆ ಎಷ್ಟಕ್ಕೋ ಬಾಲ ಮೊಂಡ. ಲಗಾಮಿಗೆ ಸಿಕ್ಕತ್ತೆ ಅಂತ ಬಾಲದ ಮೂಳೆ ಸಮೇತ ಕತ್ತರಿಸ್ತಿದ್ರು, ನೊಣ ಹೊಡ್ಕೊಳೋಕೂ ಆಗ್ತಿರ್ಲಿಲ್ಲ ಪಾಪ. ಬ್ರಿಟನ್‌ನಲ್ಲಿ ಅದನ್ನ ನಿಲ್ಸೋ ಕಾನೂನು ಬಂದಿದ್ದು 1949ರಲ್ಲಿ. ಒಂದ್ಸಲ ಆ ಮೊಂಡು ಬಾಲ ಕಣ್ಣಿಗೆ ಬಿದ್ರೆ ಆಮೇಲೆ ಅದೇ ಕಾಣೋದು, ನಂಗೆ ಹಾಗಾಗಿದೆ, ಸಾರಿ.

ಹರಾಜು_ಹುಚ್ಚ:

ಬಾಲದ್ದು ನಿಜ, ಒಪ್ಕೋತೀನಿ. ಬೇಟೆಯವನ್ನ ನಾನಾಗಿದ್ರೂ ತೆಗೀತಿದ್ದೆ, ಬರೀ ಮೈದಾನದಲ್ಲಿ ಬೇಲಿ ಹಾರೋದಾದ್ರೆ ಇಟ್ಕೋಬಹುದು. ಹಾಗೇ ಮಗನಿಗೆ ಒಂದು ಆಟ ಹೇಳ್ಕೊಡಿ. ಬೇಟೆ ಚಿತ್ರದ ಕುದುರೆಗಳು ಮುಂಗಾಲು ಮುಂದಕ್ಕೆ ಹಿಂಗಾಲು ಹಿಂದಕ್ಕೆ ಚಾಚಿ, ಆಟದ ಮರಗುದುರೆ ತರ ಗಾಳೀಲಿ ತೇಲ್ತಿವೆಯಾ ನೋಡಕ್ಕೆ ಹೇಳಿ. ಕುದುರೆ ನಾಗಾಲೋಟದಲ್ಲಿ ಹಾಗೆ ಓಡೋದೇ ಇಲ್ಲ. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಅನ್ನೋ ಫೋಟೋಗ್ರಾಫರ್ ಸಾಲಾಗಿ ಕ್ಯಾಮೆರಾ ಇಟ್ಟು ಫೋಟೋ ತೆಗೆದ್ಮೇಲೆ ಗೊತ್ತಾಗಿದ್ದು, ನಾಲ್ಕೂ ಕಾಲು ನೆಲ ಬಿಡೋದು ನಿಜ, ಆದ್ರೆ ಹೊಟ್ಟೆ ಕೆಳಗೆ ಮಡಚ್ಕೊಂಡಿದ್ದಾಗ. ಪ್ಯಾರಿಸ್ಸಿನ ಲೂವ್ರ್‌ನಲ್ಲಿರೋ ಜೆರಿಕೋನ 1821ರ ಎಪ್ಸಮ್ ಡರ್ಬಿ ರೇಸಿನ ಚಿತ್ರದಲ್ಲೂ ಹಾಗೇ ತೇಲ್ತವೆ. ಅಷ್ಟು ದೊಡ್ಡ ಕಲಾವಿದನೇ ಹಾಗೆ ಬರೆದ್ಮೇಲೆ ನಮ್ಮ ಹೆಸರಿಲ್ಲದ ಪುಣ್ಯಾತ್ಮನ್ನ ಬೈದು ಏನ್ ಪ್ರಯೋಜನ.

ಇಂಥವರಲ್ಲಿ ನಂಗೆ ತುಂಬ ಇಷ್ಟ ಜಾನ್ ಹೆರಿಂಗ್. ಮೊದ್ಲು ಕೋಚಿನ ಮೈಗೆ, ಹೋಟೆಲ್ ಬೋರ್ಡಿಗೆ ಬಣ್ಣ ಬಳೀತಿದ್ದ, ಆಮೇಲೆ ತಾನೇ ಕೋಚು ಓಡಿಸ್ದ, ಆಮೇಲೆ ರೇಸ್ ಗೆದ್ದ ಕುದುರೆಗಳ ಚಿತ್ರ ಬರ್ದು ಹೆಸರು ಮಾಡ್ದ. ಅವನ ಕುದುರೆ ಮೈಮೇಲೆ ಪಟ್ಟಿ ಎಲ್ಲೆಲ್ಲಿ ಬಿಗೀಬೇಕೋ ಅಲ್ಲೇ ಬಿಗಿದಿರತ್ತೆ. ಲಗಾಮು ಹಿಡಿದ ಕೈ ಅದು, ಕಾಣತ್ತೆ.

ಕುಕ್ಕರಹಳ್ಳಿ_ಕೆರೆದಂಡೆ:

ಮೂರು ವಾರ ಆದ್ಮೇಲೆ ಅಪ್‌ಡೇಟ್. ಗೋಡೆ ಕಡು ಹಸಿರಾಯ್ತು, ಎರಡು ಕೋಟ್ ಸಾಲ್ದೆ ಮೂರು ಬೇಕಾಯ್ತು. ಬೇಟೆಯವೆರಡು ಚಾರಿಟಿ ಶಾಪಿಗೆ ಹೋದ್ವು. ಆರರ ಪ್ಲಾನ್ ಕೈಬಿಟ್ವಿ, ಹಳೇವೆರಡೇ ಒಳಗೋಡೆ ಮೇಲೆ ಚೈನಿಂದ ಇಳಿಬಿಟ್ಟಿದೀವಿ, ಬಿಸಿಲು ತಾಗಲ್ಲ, ಮುಖಾಮುಖಿ ಓಡ್ತವೆ, ನಮ್ಮತ್ತೆಗೂ ಫೋಟೋ ಕಳ್ಸಿ ಪಾಸ್ ಮಾಡಿಸ್ಕೊಂಡೆ. ಲಾಯದ ಕುದುರೆ ಫೈರ್‌ಪ್ಲೇಸ್ ಮೇಲೆ, ಬೆಂಕಿ ಹಾಕಲ್ಲ. ಹಿಂದೆ ಮೊಳೇನೇ ಇದೆ ಫೇಡಾ, ತುಕ್ಕು ಹಿಡಿದಿರೋದು! ಕ್ಲೀನ್ ಮಾಡ್ಸೋಕೆ ಕೇಳಿದ್ರೆ ಲಾಟಿಗೆ ಕೊಟ್ಟಿದ್ದಕ್ಕಿಂತ ಮೂರು ಪಟ್ಟು ಹೇಳಿದ್ರು, ಸದ್ಯಕ್ಕೆ ಹಾಗೇ ಇರ್ಲಿ ಅಂದ್ವಿ. ಆದ್ರೆ ಹಸಿರು ಗೋಡೆ ಮೇಲೆ ಸಂಜೆ ದೀಪ ಹಾಕಿದ್ರೆ ಅದರ ಹಣೆ ಮೇಲೆ ಒಂದು ಬಿಳೀ ಚುಕ್ಕೆ ಇದೆ ಅಂತ ಈಗ ಗೊತ್ತಾಯ್ತು, ಬಿಳೀ ಗೋಡೆ ಮೇಲಿದ್ದಾಗ ಕಂಡೇ ಇರ್ಲಿಲ್ಲ.

ಮಿಕ್ಕ ಕೋಚಿನ ನಾಲ್ಕರಲ್ಲಿ ಮೂರು ಅಟ್ಟದ ಮೇಲೆ. ಸಿಂಹಿಣಿ ಮಾತ್ರ ಕೆಳಗಿನ ಟಾಯ್ಲೆಟ್‌ನಲ್ಲಿ, ಮಗನ ಹಠ. ಬಂದೋರೆಲ್ಲ ಫ್ರಂಟ್ ರೂಮಲ್ಲಿ ‘ನೈಸ್’ ಅಂತಾರೆ ಅಷ್ಟೆ, ಟಾಯ್ಲೆಟ್‌ನಿಂದ ಆಚೆ ಬಂದು ‘ಏನ್ರೀ ಅದು ಸಿಂಹ’ ಅಂತ ಅರ್ಧ ಗಂಟೆ ಕೂರ್ತಾರೆ.

ಹಿತ್ತಾಳೆ ಬಿಲ್ಲೆ ಹನ್ನೊಂದಿವೆ, ಯಾರಿಗಾದ್ರೂ ಬೇಕಾ? ಪೋಸ್ಟೇಜ್ ನಾನೇ ಕೊಡ್ತೀನಿ.

ಹರಾಜು_ಹುಚ್ಚ:

ನಂಗೆ ಕಳ್ಸಿ. ಪಾರ್ಸಲ್ ಮೇಲೆ ‘ಬಿಸ್ಕತ್ತು’ ಅಂತ ಬರೀರಿ, ಮನೇಲಿ ಗೊತ್ತಾಗ್ಬಾರ್ದು.